ಟೋಕಿಯೋ ಕಡೆಯ ಮೋಟರು

ಯಾಯಿಜು ಬಂದರಿನಲ್ಲಿ ಗಡಿಯಾರ ಕೆಟ್ಟರೆ ಜನ ಬರುತ್ತಿದ್ದುದು ತೊಮೆಯ ಅಂಗಡಿಗೆ. ಗಂಡ ಯುದ್ಧದಿಂದ ಮರಳಲಿಲ್ಲ, ಅವನ ಸ್ಕ್ರೂಡ್ರೈವರು ಅವಳ ಕೈಗೆ ಬಂತು. ಬಾಯಿ ಮಾತ್ರ ಮೊದಲಿನಿಂದಲೂ ಅವಳದೇ.

ಫುಜಿ ನದಿಯ ಆಚೆ, ಟೋಕಿಯೋ ಕಡೆ, ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಈಚೆ ಅರವತ್ತು. ಕರೆಂಟು ಗಡಿಯಾರದ ಮೋಟರು ಆ ಮಿಡಿತಕ್ಕೇ ಹೆಜ್ಜೆ ಹಾಕುವಂಥದ್ದು. ಹಾಗಾಗಿ ಆಚೆಯ ಗಡಿಯಾರ ಇಲ್ಲಿಗೆ ಬಂದರೆ ಹೊತ್ತಿಗಿಂತ ಮುಂದೆ ಓಡತೊಡಗುತ್ತದೆ. ಅಂಥದ್ದನ್ನು ಹೊತ್ತು ತಂದ ಒಬ್ಬರನ್ನೂ ತೊಮೆ ಗೇಲಿ ಮಾಡದೆ ಕಳಿಸಿದ್ದಿಲ್ಲ.

ಅವಳ ತಮ್ಮ ಇಸಾಬುರೊ ಮೀನುದೋಣಿಯ ಯಜಮಾನ. ದೋಣಿಯಲ್ಲಿ ಆಳ ಅಳೆಯುವ ಯಂತ್ರವಿತ್ತು. ಅದು ನೀರಿಗೆ ಸದ್ದು ಬಿಡುತ್ತದೆ. ಸದ್ದು ತಳ ಮುಟ್ಟಿ ಮರಳುವಷ್ಟರಲ್ಲಿ ಮುಳ್ಳು ಎಷ್ಟು ಸರಿಯಿತೋ ಅಷ್ಟು ಮಾರು ನೀರು. ಮುಳ್ಳು ತಿರುಗಿಸುವ ಮೋಟರು ಸುಟ್ಟುಹೋದಾಗ ತೊಮೆ ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ಕೂರಿಸಿ ಬಂದರಿನಲ್ಲೇ ಪರೀಕ್ಷಿಸಿದಳು. ಐದು ಮಾರು ಇರಬೇಕಾದಲ್ಲಿ ಆರು ತೋರಿಸಿತು.

"ಉಬ್ಬರ ಜೋರಾಗಿದೆ ಕಣೋ, ಹೊರಡು," ಎಂದಳು.

ಎರಡು ದಿನ ಕಳೆದು ತೋಫು ಮಾರುವ ಕಿಯೊ ಗಡಿಯಾರ ಹಿಡಿದು ಬಂದಳು. "ಮಗಳು ಟೋಕಿಯೋದಿಂದ ಕಳಿಸಿದ್ದು ತೊಮೆ ಅಕ್ಕಾ. ಅಂಗಡಿ ತೆಗೆಯೋ ಮೊದಲೇ ಊಟದ ಹೊತ್ತು ಅನ್ನುತ್ತೆ!"

"ನಿನ್ ಅಳಿಯನಿಗಿಂತ ಇದೇ ವಾಸಿ ಬಿಡು, ಇದಾದ್ರೂ ಎದ್ದು ಓಡುತ್ತೆ," ಎಂದು ನಗುತ್ತಾ ತೊಮೆ ಹಿಂಬದಿ ನೋಡಿದಳು. ಐವತ್ತು ಎಂದಿತ್ತು. ಅವಳ ನಗು ನಿಂತುಹೋಯಿತು. ಗುಜರಿ ಮೋಟರಿಗಿದ್ದ ತಗಡನ್ನು, ಅಡ್ಡವಾಗುತ್ತದೆಂದು, ಓದದೇ ಕಿತ್ತೆಸೆದಿದ್ದಳು. ಬೆಂಚಿನ ಕೆಳಗಿಂದ ಹುಡುಕಿ ತೆಗೆದಳು. ಅದರ ಮೇಲೂ ಐವತ್ತು. ದೋಣಿಯ ಕರೆಂಟು ಅರವತ್ತರದ್ದು. ಮುಳ್ಳು ಬೇಗ ಸರಿದು, ಇಲ್ಲದ ನೀರನ್ನು ಯಂತ್ರ ತೋರಿಸುತ್ತಿತ್ತು.

ಹೊರಗೆ ಮುಂಜಾನೆಯಿಂದ ದಟ್ಟ ಮಂಜು. ತೊಮೆ ಚಪ್ಪಲಿಯನ್ನೂ ಹಾಕದೆ ಬಂದರಿಗೆ ಓಡಿದಳು. ಅಲ್ಲಾಗಲೇ ಜನ ಸೇರಿದ್ದರು. ಇಸಾಬುರೊನ ದೋಣಿ ಬಂಡೆಗೆ ಬಡಿದು ಒಡೆದಿತ್ತು. ಬೇರೆ ದೋಣಿಯವರು ಎಲ್ಲರನ್ನೂ ಎತ್ತಿ ತಂದಿದ್ದರು, ಅಡುಗೆಯ ಮುದುಕ ಯೊನೆಕಿಚಿಯೊಬ್ಬನನ್ನು ಬಿಟ್ಟು.

ಇಸಾಬುರೊ ತಲೆ ಎತ್ತಲಿಲ್ಲ. "ಎರಡು ಮಾರು ನೀರಿದೆ ಅಂತ ಓದ್ದೆ ಅಕ್ಕಾ, ದೋಣಿಗೆ ಅಷ್ಟು ಸಾಕಿತ್ತು. ನಿನ್ ಯಂತ್ರ ಸುಳ್ಳು ಹೇಳುತ್ತಾ? ನಂದೇ ಕಣ್ಣು ಕೆಟ್ಟಿತ್ತು. ಅಜ್ಜನ್ನ ನಾನೇ ಕೊಂದೆ."

ತೊಮೆಗೆ ಮೊದಲು ಹೊಳೆದದ್ದು ಅಂಗಡಿ. ಸುಮ್ಮನಿದ್ದುಬಿಟ್ಟರೆ ಕೇಳುವವರಿಲ್ಲ, ಯಂತ್ರ ಸಮುದ್ರದ ಪಾಲಾಗಿದೆ, ಅಂಗಡಿ ಉಳಿಯುತ್ತದೆ. ತಮ್ಮ ಮಾತ್ರ ಸಾಯುವವರೆಗೂ ಹೀಗೇ ತಲೆ ತಗ್ಗಿಸಿಕೊಂಡಿರುತ್ತಾನೆ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಿನ್ ಕಣ್ಣು ಸರಿಯಾಗೇ ಇತ್ತು ಕಣೋ," ಎಂದಳು, ಎಲ್ಲರಿಗೂ ಕೇಳುವಂತೆ. "ಯಂತ್ರ ಎರಡು ಅಂತಾನೇ ತೋರಿಸಿದ್ದು. ಹಾಗೆ ತೋರಿಸೋ ಥರ ಮಾಡಿಟ್ಟೋಳು ನಾನು."

ಅಷ್ಟು ಹೊತ್ತೂ ಸಮುದ್ರವನ್ನೇ ನೋಡುತ್ತಿದ್ದ ಯೊನೆಕಿಚಿಯ ಹೆಂಡತಿ ತಿರುಗಿ ತೊಮೆಯನ್ನು ನೋಡಿದಳು.