ದೊಡ್ಡ ಟೈರಿನ ಗಾಳಿ

ನೋಡ್ರಪ್ಪಾ, ಇವತ್ತಿಗೆ ನನ್ನ ಡ್ರೈವರ್ ಕೆಲಸ ಮುಗೀತು. ಸಾವುಕಾರ್ರು ಮಿಲ್ಟ್ರಿ ಹರಾಜಿನಾಗ ತಂದ ದೊಡ್ಡ ಟೈರುಗಳನ್ನ ಅದಿರಿನ ಲಾರಿಗೆ ಹಾಕಿಸಿದ್ರು. "ಇವಕ್ಕ ಗಾಳಿ ಸ್ವಲ್ಪ ಕಮ್ಮಿನ ಇರ್ಲಿ. ಬಿಗಿ ಆದ್ರ ಕಲ್ಲಿಗೆ ಒಡೀತಾವ್ರಿ" ಅಂದೆ.

"ದೊಡ್ಡ ಹೊಟ್ಟಿಗೆ ಜಾಸ್ತಿ ಊಟ ಬ್ಯಾಡೇನಲೇ? ಹೊಡಿ ಗಾಳಿ!" ಅಂದ್ರು. ಹೊಡೆದೆ.

ಸಂಡೂರು ಘಾಟಿ ಇಳಿಯುವಾಗ ಮುಂದಿನ ಟೈರು ಢಮ್ ಅಂತು. ಲಾರಿ ಬಂಡೆಗೆ ಒರಗಿ ನಿಂತದ್ದಕ್ಕ ಜೀವ ಉಳೀತು. ಸುದ್ದಿ ತಿಳಿದು ಸಾವುಕಾರ್ರು ಓಡಿ ಬಂದು ಕೇಳಿದ ಮೊದಲನೇ ಮಾತು, "ಬೆಳಿಗ್ಗೆ ಗಾಲಿ ಕೆಳಗ ನಿಂಬಿಹಣ್ಣು ಇಟ್ಟಿದ್ದಿಯೇನು?"

"ಎಲ್ಲಾ ಗಾಲಿಗೂ ಇಟ್ಟಿದ್ದೆ ರೀ."

"ಹಂಗಾದ್ರ ನಿನ್ನ ಕಾಲ್ಗುಣಾನ ಸರಿ ಇಲ್ಲ. ನಾಳಿಂದ ಬರಬ್ಯಾಡ."

ನಾಳೆ ಹೊಸ ಡ್ರೈವರ್ ಬರ್ತಾನ. ನಿಂಬಿಹಣ್ಣು ಎರಡೆರಡು ಇಡಸ್ತಾರ. ಗಾಳಿ ಮಾತ್ರ ಅಷ್ಟೇ ಇರತೈತಿ.