ಮನೆಮೋಟಾರಿನ ಚಿಕ್ಕ ಮಂಚ

ಬ್ರೇಕು ಕಾದು ಹಿಡಿತ ಬಿಡಬಹುದಿತ್ತು. ಗೂಡಲೂರು ಘಟ್ಟದಲ್ಲಿ ರೇಡಿಯೇಟರು ಕುದಿದು, ನೀರು ಹುಡುಕಲು ಇಳಿದವನನ್ನು ಆನೆ ಅಟ್ಟಬಹುದಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಿ ಮುರಿಯಬಹುದಿತ್ತು. ಸೀಮೆಎಣ್ಣೆ ಒಲೆಯಿಂದ ಪರದೆಗೆ ಬೆಂಕಿ ತಗಲಬಹುದಿತ್ತು. ಬೆಂಕಿ ತಗಲದಿದ್ದರೆ ಮೇಲಿನ ನೀರಿನ ತೊಟ್ಟಿ ಸೋರಿ ಹಾಸಿಗೆ ನೆನೆಯಬಹುದಿತ್ತು. ಊಟಿಯ ಚಳಿಗೆ ಬೆಳಿಗ್ಗೆ ಎಂಜಿನ್ ಏಳದೆ, ಹ್ಯಾಂಡಲು ತಿರುಗಿಸಿ ಏಳಿಸಲು ಹೋದ ನನ್ನ ಮುಂಗೈಯನ್ನು ಅದು ಹಿಂದಕ್ಕೆ ಒದ್ದು ಮುರಿಯಬಹುದಿತ್ತು. ಮಸಿನಗುಡಿಯಲ್ಲಿ ಎಲ್ಲರಿಗೂ ಚಳಿಜ್ವರ ಹತ್ತಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ. ನಾನು ಮೊದಲೇ ಎಲ್ಲವನ್ನೂ ಎಣಿಸಿಟ್ಟದ್ದರಿಂದಲೇ ಅವು ಆಗಲಿಲ್ಲವೆಂದು ಆಗ ನಂಬಿದ್ದೆ. ಈಗಲೂ ಸ್ವಲ್ಪ ನಂಬುತ್ತೇನೆ. ಆದದ್ದು ಒಂದೇ, ಬಹಳ ಸಣ್ಣದು. ಅದು ನನ್ನ ಎಣಿಕೆಯಲ್ಲಿ ಇರಲಿಲ್ಲ.

1933ರ ಬೇಸಿಗೆ. ನಾನು ಮೈಸೂರಿನ ಒಂದು ಮೋಟಾರು ಷೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ರಾಯರೊಬ್ಬರು ಇಂಗ್ಲಿಷ್ ಪತ್ರಿಕೆಯೊಂದರ ಚಿತ್ರ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಮೋಟಾರಿನ ಮೇಲೆ ಮನೆ. ಅದರಲ್ಲಿ ದೊರೆ, ದೊರೆಸಾನಿ, ಒಂದು ನಾಯಿ. ಇಂಥದೇ ನಮಗೂ ಬೇಕು, ನಾಯಿ ಬೇಡ ಎಂದರು. ಹಳೆಯ ಲಾರಿಯ ಚಾಸಿಸ್ ಮೇಲೆ, ಅಂದರೆ ಚಕ್ರ ಮತ್ತು ಎಂಜಿನ್ ಹೊತ್ತ ಕಬ್ಬಿಣದ ಚೌಕಟ್ಟಿನ ಮೇಲೆ, ತೇಗದ ಗೋಡೆ ಎಬ್ಬಿಸಿದೆವು. ಎರಡು ಮಂಚ, ಒಲೆ, ಪಾತ್ರೆಯ ಗೂಡು, ಕಿಟಕಿಗೆ ಬಿಳಿ ಪರದೆ. ಎಲ್ಲ ಮುಗಿಯಿತು ಎನ್ನುವಾಗ ರಾಯರ ಹೆಂಡತಿ ಷೆಡ್ಡಿಗೆ ಬಂದು, ಒಳಗೋಡೆಗೆ ಮಡಿಚಿಡುವಂಥ ಇನ್ನೊಂದು ಚಿಕ್ಕ ಮಂಚ ಬೇಕೆಂದರು. ಅಳತೆಯನ್ನು ತಮ್ಮ ಕೈಯಿಂದಲೇ ಗಾಳಿಯಲ್ಲಿ ತೋರಿಸಿದರು. ದೊಡ್ಡವರು ಮಲಗುವ ಅಳತೆಯಲ್ಲ. ಭಾರ ಹೆಚ್ಚಾಗುತ್ತೆ ಅಮ್ಮಾವ್ರೆ ಎಂದೆ. "ಅಷ್ಟೇನೂ ಭಾರ ಆಗಲ್ಲ ನಂಜುಂಡ" ಎಂದರು. ಬಿಜಾಗರಿ ಹಾಕಿ, ಹಿತ್ತಾಳೆಯ ಕೊಂಡಿಯಿಂದ ಗೋಡೆಗೆ ಸಿಕ್ಕಿಸಿದೆ. ಕಟ್ಟಿದವನೇ ಓಡಿಸಲಿ ಎಂದು ರಾಯರು ನನ್ನನ್ನೂ ಜೊತೆಗೆ ಹೊರಡಿಸಿದರು.

ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಗೂಡಲೂರಿನಿಂದ ಘಟ್ಟ ಹತ್ತಿದೆವು. ಮನೆಮೋಟಾರಿನ ಸಂಸಾರ ನೋಡುವವರಿಗೆ ಸೊಗಸು, ಮಾಡುವವನಿಗೆ ಮನೆ ಮತ್ತು ಮೋಟಾರು ಎರಡರ ರೋಗವೂ ಒಟ್ಟಿಗೆ. ನಿಂತಲ್ಲೆಲ್ಲ ರಸಮಟ್ಟ ಇಟ್ಟು ನೆಲದ ಓರೆ ನೋಡಬೇಕು. ಇಲ್ಲದಿದ್ದರೆ ಸಾರು ಪಾತ್ರೆಯ ಒಂದು ಕಡೆಗೇ ನಿಲ್ಲುತ್ತದೆ. ಚಕ್ರಕ್ಕೆ ಅಡ್ಡಗಲ್ಲು ಕೊಡಬೇಕು, ಗ್ರೀಸು ತುಂಬಬೇಕು, ನಟ್ಟುಗಳನ್ನು ತಟ್ಟಿ ಸದ್ದು ಕೇಳಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಉಬ್ಬಸಪಡುತ್ತಿತ್ತು. ಪೆಟ್ರೋಲು ಕಡಿಮೆ ಹರಿಯುವಂತೆ ಕಾರ್ಬುರೇಟರು ತಿದ್ದಿದೆ. ಬೇಳೆಯೂ ಬೇಯಲೊಲ್ಲದು, ಅದನ್ನು ತಿದ್ದಲು ನನ್ನ ಹತ್ತಿರ ಸ್ಪ್ಯಾನರು ಇರಲಿಲ್ಲ. ಪೈಕಾರಾದಲ್ಲಿ ಅಮ್ಮಾವ್ರು ಜಲಪಾತ ನೋಡಿದರೆ ರಾಯರು ನೀರಿನ ಕೊಳವೆ ನೋಡಿದರು. ದೊಡ್ಡಬೆಟ್ಟದ ನೆತ್ತಿಯಲ್ಲಿ ಇಬ್ಬರೂ ಮಂಜು ನೋಡಿದರು, ಏಕೆಂದರೆ ಅಲ್ಲಿ ಬೇರೆ ಏನೂ ಕಾಣಲಿಲ್ಲ. ಚಿಕ್ಕ ಮಂಚವನ್ನು ಯಾರೂ ಇಳಿಸಲಿಲ್ಲ. ಆದರೆ ಅಮ್ಮಾವ್ರು ದಿನವೂ ಅದರ ಧೂಳು ಒರೆಸುತ್ತಿದ್ದರು. ಆ ಹೊತ್ತಿಗೆ ರಾಯರಿಗೆ ಹೊರಗೆ ಏನಾದರೂ ಕೆಲಸ ಬರುತ್ತಿತ್ತು.

ಕೋತಗಿರಿಯ ಕಡೆ, ಕೂಕಲ್ತೊರೈಗೆ ಹೋಗುವ ಹಾದಿಯಲ್ಲಿ, ಆ ಬೆಟ್ಟದ ಒಕ್ಕಲು ಜನರಾದ ಬಡಗರ ಒಂದು ಹಟ್ಟಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಬಿಡಾರ ಹಾಕಿದೆವು. ಬೇರೆ ಕಡೆ ಗಾಡಿ ನಿಂತರೆ ಊರೇ ನೆರೆಯುತ್ತಿತ್ತು. ಇಲ್ಲಿ ಯಾರೂ ಬರಲಿಲ್ಲ. ಆಲೂಗಡ್ಡೆ ಅಗೆಯುತ್ತಿದ್ದವರು ಗುದ್ದಲಿ ನಿಲ್ಲಿಸಿ ನೋಡಿದರು. ತಾಯಂದಿರು ಮಕ್ಕಳನ್ನು ಒಳಕ್ಕೆ ಕರೆದುಕೊಂಡರು. ನಾಯಿಗಳೂ ಬೊಗಳಲಿಲ್ಲ. ಮಂಜು ಸರಿದಾಗಲೆಲ್ಲ ಹಟ್ಟಿಯ ಸಾಲುಮನೆಗಳು ಕಾಣುತ್ತಿದ್ದವು. ಬಾಗಿಲುಗಳಲ್ಲಿ ಜನ ನಿಂತೇ ಇದ್ದರು. ಎಂಜಿನ್ನಿಂದ ಏನಾದರೂ ಸೋರುತ್ತಿದೆಯೇ ಎಂದು ನಾನು ಗಾಡಿಯ ಕೆಳಗೆ ಮಲಗಿ ನೋಡಿ ಬಂದೆ.

ಮರುದಿನ ಬೆಳಿಗ್ಗೆ ಬಿಳಿ ಬಟ್ಟೆಯುಟ್ಟ ಒಬ್ಬ ಮುದುಕಿ ಬಂದಳು. ಹಣೆಯ ಮೇಲೆ ಹಚ್ಚೆ, ಕಂಕುಳಲ್ಲಿ ಮಡಿಚಿದ ಕಂಬಳಿ. ಮೆಟ್ಟಿಲ ಬಳಿ ನಿಂತು ಬಿಳಿ ಪರದೆ, ಬಿಳಿ ಹಾಸಿಗೆಗಳನ್ನು ನೋಡಿದಳು. ಬಡಗರ ಮಾತು ನಮ್ಮ ಕನ್ನಡದ ಹಳೆಯ ದಾಯಾದಿಯಂತೆ, ಅರ್ಧ ಗುರುತು ಸಿಗುತ್ತದೆ, ಅರ್ಧ ಸಿಗುವುದಿಲ್ಲ. ನನಗೆ ಕೇಳಿಸಿದಷ್ಟನ್ನು ಬರೆಯುತ್ತೇನೆ.

"ಒಳಗ ದಾರು ಸತ್ತಿದ್ದಾರ?" ಎಂದು ಕೇಳಿದಳು.

ಯಾರೂ ಸತ್ತಿಲ್ಲ, ನಾವು ಊರು ನೋಡಲು ಬಂದವರು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆಮೇಲೆ ನಿಧಾನವಾಗಿ ಅರ್ಥವಾಯಿತು. ಆ ಹಟ್ಟಿಗಳಲ್ಲಿ ಸತ್ತವರನ್ನು ಮಂಚದ ಮೇಲೆ ಮಲಗಿಸಿ, ಮೇಲೆ ಬಟ್ಟೆಗಳಿಂದ ಅಂತಸ್ತು ಅಂತಸ್ತಾಗಿ ಎತ್ತರದ ಮಂಟಪ ಕಟ್ಟುತ್ತಾರೆ, ಅದು ಗುಡಿಕಟ್ಟು. ಪರದೆ ಕಟ್ಟಿ, ಒಳಗೆ ಮಂಚವಿಟ್ಟು, ಸಾಗಿಸಿಕೊಂಡು ಹೋಗುವ ಮನೆಯೆಂದರೆ ಅವರಿಗೆ ಗೊತ್ತಿದ್ದುದು ಅದೊಂದೇ. ನಾನು ಅಷ್ಟು ಪಾಲಿಷು ಹಾಕಿ ಕಟ್ಟಿದ್ದು ಏನೆಂದು ಹಟ್ಟಿಯವರೆಲ್ಲ ನೋಡಿದ ಕೂಡಲೇ ತಿಳಿದುಕೊಂಡಿದ್ದರು.

"ಎನ್ನ ಮಗ ಬೆಳ್ಳಿಯೂ ಸತ್ತ" ಎಂದಳು. "ಅವಗ ಗುಡಿಕಟ್ಟಿಲ್ಲೆ."

ಬೆಳ್ಳಿ ಚೇರಂಬಾಡಿಯ ಕಡೆ ತೋಟದ ಕೆಲಸಕ್ಕೆ ಹೋಗಿದ್ದನಂತೆ. ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದ. ಅಲ್ಲಿಯವರೇ ಮಣ್ಣು ಮಾಡಿದರು. ಹಟ್ಟಿಗೆ ಬಂದದ್ದು ಕಂಬಳಿ ಮಾತ್ರ. ಮಂಚವಿಲ್ಲದೆ, ಗುಡಿಕಟ್ಟಿಲ್ಲದೆ ಹೋದವನು ಹೋಗಿಯೇ ಇಲ್ಲ, ಆ ಇಳಿಜಾರಿನಲ್ಲೇ ತಿರುಗುತ್ತಿದ್ದಾನೆ ಎಂದು ಅವಳ ನಂಬಿಕೆ. ಈಗ ಚಕ್ರದ ಗುಡಿಕಟ್ಟು ತಾನಾಗಿ ಬಂದು ನಿಂತಿದೆ. ಕಂಬಳಿಯನ್ನು ಒಳಗೆ ಮಲಗಿಸಿಕೊಂಡು ಕೆಳಗಿನ ಹಳ್ಳದವರೆಗೆ ಒಂದು ಸಲ ಹೋಗಿಬಿಡಿ, ಅಷ್ಟೇ ಎಂದು ಕೇಳಿದಳು.

ರಾಯರಿಗೆ ಸಿಟ್ಟು ಬಂತು. "ಇದು ಮನೆ ಕಣಮ್ಮ, ಚಟ್ಟ ಅಲ್ಲ. ನಂಜುಂಡ, ಸಾಮಾನು ಕಟ್ಟು, ಹೊರಡೋಣ" ಎಂದರು.

ಮುದುಕಿ ಅವರ ಕಡೆ ನೋಡಲೇ ಇಲ್ಲ. ಗೋಡೆಗೆ ಮಡಿಚಿದ್ದ ಚಿಕ್ಕ ಮಂಚಕ್ಕೆ ಕೈ ತೋರಿಸಿ, ಅದು ಯಾರದು ಎಂದು ಅಮ್ಮಾವ್ರನ್ನು ಕೇಳಿದಳು.

ಅಮ್ಮಾವ್ರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ನನ್ನ ಮಗಂದು. ಆರು ವರ್ಷದವನು. ಇವರು ನಾಲೆ ಕ್ಯಾಂಪಿನಲ್ಲಿದ್ರು. ಹೇಳಿ ಕಳಿಸಿದ್ದೆ, ಬರೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು" ಎಂದರು. ಆಮೇಲೆ ತಾವೇ ಕೊಂಡಿ ತೆಗೆದು ಮಂಚ ಇಳಿಸಿದರು. "ಕಂಬಳಿ ಇಲ್ಲಿಡು."

ರಾಯರು ಕೊನೆಯ ಆಸರೆಯಾಗಿ ನನ್ನ ಕಡೆ ತಿರುಗಿದರು. ಇಳಿಜಾರು, ಹಸಿ ಹುಲ್ಲು, ಕೆಳಗೆ ಜೌಗು. "ಗಾಡಿ ಹೋಗತ್ತೋ ಇಲ್ವೋ, ನಂಜುಂಡ ಹೇಳಲಿ" ಎಂದರು. ನಾನು ಇಲ್ಲವೆನ್ನುತ್ತೇನೆಂದು ಅವರಿಗೆ ಖಾತರಿಯಿತ್ತು. ಮೈಸೂರಿನಿಂದ ಅಲ್ಲಿಯವರೆಗೆ ನಾನು ಬೇರೇನನ್ನೂ ಹೇಳಿರಲಿಲ್ಲ.

ಹಳ್ಳದವರೆಗೆ ನಡೆದು ಹೋಗಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದೆ. ಮಂಜಿನಲ್ಲಿ ನನ್ನ ಹಿಂದೆಯೇ ಯಾರೋ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬರುತ್ತಿದ್ದಂತಿತ್ತು. ತಿರುಗಿದರೆ ಯಾರೂ ಇಲ್ಲ. ಚಕ್ರ ಹೂತುಕೊಳ್ಳಬಹುದು. ಗಾಡಿ ಅಡ್ಡ ಜಾರಬಹುದು. ಹಳ್ಳದಿಂದ ಮೇಲಕ್ಕೆ ಎಳೆಯಲಾಗದೆ ಮನೆ ಅಲ್ಲೇ ನೆಲೆಯಾಗಬಹುದು. ಮೂರಕ್ಕೂ ಆಧಾರವಿತ್ತು. ವಾಪಸು ಬಂದಾಗ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಮ್ಮಾವ್ರು ಒಬ್ಬರು ಮಾತ್ರ ಕಂಬಳಿಯ ಸುಕ್ಕು ಸರಿಮಾಡುತ್ತಿದ್ದರು.

"ಹೋಗುತ್ತೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಹಟ್ಟಿಯ ಹಿರಿಯನನ್ನು ಕರೆತಂದರು, ಅವನು ಬೆಳ್ಳಿಯ ದೊಡ್ಡಪ್ಪನೂ ಹೌದು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, "ಮೈಯಿಲ್ಲದ ಸಾವಿಗೆ ಗುಡಿಕಟ್ಟ ನಾ ಕಂಡಿಲ್ಲೆ. ಚಕ್ರವಿರುವ ಮನೆಯನೂ ಕಂಡಿಲ್ಲೆ. ಇಂದು ಎರಡನೂ ಕಾಂಬ" ಎಂದ.

ಮಧ್ಯಾಹ್ನ ಹೊರಟೆವು. ಒಂದನೇ ಗೇರಿನಲ್ಲಿ, ನಡೆಯುವವರ ವೇಗದಲ್ಲಿ. ಅಮ್ಮಾವ್ರು ಮತ್ತು ಮುದುಕಿ ಒಳಗೆ ಚಿಕ್ಕ ಮಂಚದ ಪಕ್ಕ ಕೂತರು. ಹಟ್ಟಿಯ ಜನ ಹಿಂದೆ ನಡೆದರು. ಹಿಂದಿನ ದಿನ ಬಾಗಿಲಲ್ಲಿ ನಿಂತು ನೋಡಿದ್ದವರೆಲ್ಲ ಈಗ ಅಳುತ್ತಿದ್ದರು. ರಾಯರು ಮುಖ ಗಂಟು ಹಾಕಿಕೊಂಡೇ ಬಾನೆಟ್ಟಿನ ಮುಂದೆ ನಡೆದು, ಊರುಗೋಲಿನಿಂದ ಗಟ್ಟಿ ನೆಲ ತೋರಿಸಿದರು. ಇಬ್ಬರು ಹೆಂಗಸರು ಮತ್ತು ಒಂದು ಕಂಬಳಿಯ ಭಾರ ಎಷ್ಟೆಂದು ನನಗೆ ಗೊತ್ತು. ಸ್ಪ್ರಿಂಗು ಅದಕ್ಕಿಂತ ಹೆಚ್ಚು ತಗ್ಗಿತ್ತು. ಬ್ರೇಕಿನ ಮೇಲಿಟ್ಟ ಕಾಲಿಗೆ ಅದು ತಿಳಿಯುತ್ತದೆ.

ಹಳ್ಳದ ಬಳಿ ಎಂಜಿನ್ ನಿಲ್ಲಿಸಿದೆ. ಒಂದು ಕರುವನ್ನು ತಂದರು. ಹಿರಿಯ ಅದರ ಮೇಲೆ ಕೈಯಿಟ್ಟು, ಸತ್ತವನ ತಪ್ಪುಗಳನ್ನು ಅದಕ್ಕೆ ಹೊರಿಸುತ್ತ ಒಂದೊಂದಾಗಿ ಹೇಳತೊಡಗಿದ. ಬೆಳ್ಳಿ ಮಾಡಿದ್ದವು ಮಾತ್ರವಲ್ಲ, ಮನುಷ್ಯನಾದವನು ಮಾಡಬಹುದಾದ್ದು ಎಲ್ಲ. ಹಾದಿಗೆ ಮುಳ್ಳು ಹಾಕಿದ್ದರೆ, ನೀರಿಗೆ ಬಂದವರನ್ನು ಹಿಂದಕ್ಕೆ ಕಳಿಸಿದ್ದರೆ, ಅಳುವ ಮಗುವನ್ನು ದಾಟಿಕೊಂಡು ಹೋಗಿದ್ದರೆ. ಪ್ರತಿಯೊಂದಕ್ಕೂ ಜನ ಒಟ್ಟಾಗಿ, ಅದು ಹೋಗಲಿ ಎನ್ನುತ್ತಿದ್ದರು. ಅಲ್ಲಿಯವರೆಗೆ, ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಕೇಡುಗಳನ್ನು ಒಂದೊಂದಾಗಿ ಎಣಿಸುವುದು ನನ್ನೊಬ್ಬನ ರೋಗವೆಂದು ತಿಳಿದಿದ್ದೆ.

"ಕರೆದಾಗ ಬಾರದೆ ಇದ್ದರೆ" ಎಂದ ಹಿರಿಯ.

ಜನ ಬಾಯಿ ತೆರೆಯುವ ಮುಂಚೆಯೇ ಬಾನೆಟ್ಟಿನ ಪಕ್ಕದಿಂದ ಒಂದು ದನಿ ಬಂತು. ರಾಯರು ಟೋಪಿ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. "ಹೋಗಲಿ" ಎಂದರು. ಇನ್ನೊಮ್ಮೆ ಹೇಳಲು ಹೋದರು, ಆಗಲಿಲ್ಲ. ಒಳಗಿನಿಂದ ಅಮ್ಮಾವ್ರು, ಪರದೆ ಸರಿಸದೆಯೇ, ಹೇಳಿ ಮುಗಿಸಿದರು.

ಕರುವನ್ನು ಬಿಟ್ಟರು. ಅದು ಮಂಜಿನೊಳಗೆ ಹೋಯಿತು. ಕಂಬಳಿಯನ್ನು ಹಳ್ಳದ ಆಚೆ ಬೆಂಕಿಗೆ ಒಯ್ದರು. ಹೊರಡುವಾಗ ಮುದುಕಿ ಅಮ್ಮಾವ್ರ ತಲೆಯ ಮೇಲೆ ಕೈಯಿಟ್ಟು ಹರಸಿದಳು. "ಹಾದಿ ದೂರ. ಚಿಕ್ಕವನ ಕೈಯ ಎನ್ನ ಮಗ ಹಿಡಕೊಂಬ" ಎಂದಳು.

ಗಾಡಿ ಹೂತುಕೊಳ್ಳಲಿಲ್ಲ, ಜಾರಲಿಲ್ಲ, ಇಳಿದಂತೆಯೇ ಹತ್ತಿತು. ಊಟಿಗೆ ಬಂದು, ಅಲ್ಲಿಂದ ಸೀಗೂರು ಘಟ್ಟ ಇಳಿದು ಮಸಿನಗುಡಿಯ ಮೇಲೆ ಮೈಸೂರಿಗೆ ತಿರುಗಿದೆವು. ಅಂಥ ಕಡಿದಾದ ಘಟ್ಟದಲ್ಲೂ ಬ್ರೇಕು ಹಿಡಿಯಿತು. ಹಟ್ಟಿಯ ಆ ಹಿರಿಯನಿಂದ ನಾನು ಕಲಿತದ್ದು ಇಷ್ಟು: ಎಣಿಸುವುದು ತಪ್ಪಲ್ಲ, ಎಣಿಸಿದ್ದನ್ನು ಹಿಡಿದುಕೊಂಡು ಕೂರಬಾರದು. ಇಂದಿಗೂ ಗಾಡಿ ಹೊರಡಿಸುವ ಮುಂಚೆ ಆಗಬಹುದಾದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಕೊನೆಗೆ ಹೋಗಲಿ ಎನ್ನುತ್ತೇನೆ. ಷೆಡ್ಡಿನ ಹುಡುಗರು ಬೆನ್ನ ಹಿಂದೆ ನಗುತ್ತಾರೆ. ಗಾಡಿಗಳು ಮಾತ್ರ ಹೋಗಿ ಬರುತ್ತಿವೆ.

ಇನ್ನು ಆ ಸಣ್ಣ ವಿಷಯ. ಹಟ್ಟಿಯಿಂದ ಹೊರಡುವ ಮುಂಚೆ ನಾನೇ ಚಿಕ್ಕ ಮಂಚವನ್ನು ಮಡಿಚಿ ಕೊಂಡಿ ಹಾಕಿದ್ದೆ. ಮೊದಲ ತಿರುವಿನಲ್ಲೇ ಅದು ಕಳಚಿ ಮಂಚ ಇಳಿಯಿತು. ಮಂಜಿಗೆ ಮರ ಉಬ್ಬಿದೆ ಎಂದುಕೊಂಡು ಕೊಂಡಿ ಬಗ್ಗಿಸಿ ಹಾಕಿದೆ. ಮತ್ತೆ ಇಳಿಯಿತು. ಮಸಿನಗುಡಿಯ ಒಣ ಬಿಸಿಲಿಗೆ ಮರ ಕುಗ್ಗಿ ಸರಿಹೋಗಬೇಕಿತ್ತು. ಅಲ್ಲಿ ಗಾಡಿ ನಿಂತಿದ್ದಾಗಲೇ ಇಳಿಯಿತು. ಕೊಂಡಿ ಸವೆದಿಲ್ಲ, ಸಡಿಲಾಗಿಲ್ಲ, ತಿರುಪು ಬಿಗಿಯಾಗಿದೆ. ಕೊನೆಗೆ ತಂತಿಯಿಂದ ಬಿಗಿಯಲು ಹೋದೆ.

ಅಮ್ಮಾವ್ರು ನನ್ನ ಕೈಯಿಂದ ತಂತಿ ತೆಗೆದುಕೊಂಡರು.

"ಬಿಡು ನಂಜುಂಡ, ಮಲಗಲಿ" ಎಂದರು.