ಊರಾಗಿಲ್ಲ ಅನ್ರಿ

ಎದುರಿನ ಫೋಟೋ ಸ್ಟುಡಿಯೋದ ಗುರುಬಸವರಾಜ ಅತ್ತರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಕೊಟ್ಟೂರಿನಲ್ಲಿ ಅವನನ್ನು ಕಂಡು ಮರುಗದವರಿಲ್ಲ. ಮರುಗಲಿ. ಆ ಫೋನು ಅವರ್ಯಾರಿಗೂ ಬಂದಿರಲಿಲ್ಲ, ನನ್ನ ಅಂಗಡಿಗೆ ಬಂದಿತ್ತು.

ನನ್ನದು ಎಸ್‌ಟಿಡಿ ಬೂತು, ಪಕ್ಕಕ್ಕೆ ಎರಡು ಕಂಪ್ಯೂಟರು. ಫೋನಿಲ್ಲದ ನೆರೆಯವರಿಗೆಲ್ಲ ನನ್ನ ನಂಬರಿಗೇ ಫೋನು ಬರುತ್ತಿತ್ತು, ನಾನೇ ಹೋಗಿ ಕರೆಯುತ್ತಿದ್ದೆ. ಎರಡು ಸಾವಿರದ ಮೂರನೇ ಇಸವಿ. ಗುರುಬಸವರಾಜನ ಹೆಂಡತಿ ಪುಷ್ಪಲತಾ ಹೆರಿಗೆಗೆಂದು ಹಡಗಲಿಯ ತವರಿಗೆ ಹೋಗಿದ್ದಳು. ಇವನಿಗೆ ಮಾವನ ಮೇಲೆ ಸಿಟ್ಟು. ಏನು ಮಹಾ ಅಪರಾಧ? ಬಸುರಿಗೆ ಕುಬಸ ಮಾಡಿದ ದಿನ ಅಳಿಯನನ್ನು ಎರಡನೇ ಪಂಕ್ತಿಗೆ ಊಟಕ್ಕೆ ಕೂರಿಸಿದರಂತೆ! ಥೂ, ಅದೂ ಒಂದು ಸಿಟ್ಟೇ?

ಒಂದು ಮಧ್ಯಾಹ್ನ ಪುಷ್ಪಲತಾಳದೇ ಫೋನು.

"ಅಜೀಮಕ್ಕಾ, ಅವರನ್ನ ಒಂದೀಟು ಕರೀರಿ. ಬೆಳಿಗ್ಗಿಂದ ಮೈಯಾಗ ನೆಟ್ಟಗಿಲ್ಲ, ಅಂಜಿಕಿ ಆಗೈತಿ."

ರಸ್ತೆ ದಾಟಿ ಹೋಗಿ ಅವಳು ಅಂದದ್ದನ್ನೆಲ್ಲ ಹೇಳಿದೆ. ಅವನು ಯಾರದೋ ಫೋಟೋಕ್ಕೆ ಕಟ್ಟು ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಊರಾಗಿಲ್ಲ ಅನ್ರಿ," ಅಂದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಡುವೆ ನನಗೇಕೆ ಎಂದು ಹಾಗೇ ಹೇಳಿದೆ. "ಹೌದೇನ್ರಿ? ಬಂದ ಮ್ಯಾಲೆ ಹೇಳ್ರಿ," ಎಂದು ಫೋನಿಟ್ಟಳು. ಮರುದಿನ ಕೂಸೂ ಹೋಯಿತು, ಅವಳೂ ಹೋದಳು.

ಮಣ್ಣು ಮಾಡಿ ಬಂದವನದು ಒಂದೇ ಮಾತು. "ನನಗ ಯಾರೂ ಹೇಳ್ಲಿಲ್ರಿ. ಹೇಳಿದ್ರ ಓಡಿ ಹೋಗ್ತಿದ್ದೆ." ಮೊದಮೊದಲು ನನ್ನ ಕಣ್ಣು ತಪ್ಪಿಸಿ ಹೇಳುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ನನ್ನ ಮುಖ ನೋಡಿಕೊಂಡೇ ಹೇಳತೊಡಗಿದ. ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ, ಹೇಸಿ!

ಆಮೇಲೆ ಅವನಿಗೆ ನನ್ನ ಕಂಪ್ಯೂಟರಿನ ಒಂದು ಆಟದ ಹುಚ್ಚು ಹಿಡಿಯಿತು. ಅದರಲ್ಲಿ ಹೊಡೆದಾಟವಿಲ್ಲ, ಓಟವಿಲ್ಲ. ಹೆಂಡತಿ ಸತ್ತ ಒಬ್ಬ ದೊರೆ ಖಾಲಿ ಬಂಗಲೆಯಲ್ಲಿ ತಿರುಗುತ್ತ ತನ್ನ ಕಥೆ ಹೇಳುತ್ತಾನೆ. ಆಡುವವರು ಒಂದೊಂದೇ ಕೋಣೆ ತೆರೆದು ನೋಡಬೇಕು. ಮಾತೆಲ್ಲ ಇಂಗ್ಲಿಷು, ಓದಿ ಹೇಳುವವಳು ನಾನು. "ನಾನು ತೋಟದಲ್ಲಿದ್ದೆ, ಅವಳ ಕೂಗು ಕೇಳಿಸಲಿಲ್ಲ" ಎಂದು ದೊರೆ ಅಂದಾಗಲೆಲ್ಲ ಇವನು ಟವೆಲ್ಲಿನಲ್ಲಿ ಮೂಗು ಸೀಟಿಕೊಂಡು, "ಪಾಪ, ನನ್ನಂಗ," ಅನ್ನುತ್ತಿದ್ದ. ಯಾ ಅಲ್ಲಾ, ಆ ಟವೆಲ್ಲು ನೋಡಿದರೇ ನನಗೆ ವಾಕರಿಕೆ.

ಕೊನೆಗೊಂದು ದಿನ ದೊರೆಯ ಹೆಂಡತಿಯ ಕೋಣೆ ಸಿಕ್ಕಿತು. ಬಾಗಿಲ ಹೊರಗೇ ದೊರೆಯ ಕುರ್ಚಿ, ಅದರ ಕಾಲಡಿ ಸೇದಿ ಬಿಸಾಕಿದ ಸಿಗರೇಟಿನ ತುಂಡುಗಳು.

"ತ್ವಾಟದಾಗ ಇದ್ದಿಲ್ಲಣ್ಣಾ ಇವನು, ಇಲ್ಲೇ ಕುಂತಿದ್ದ," ಅಂದೆ.

"ಅದು ಬ್ಯಾರೆ ದಿನದ್ದಿರಬೇಕು ಬಿಡ್ರಿ."

ಕುರ್ಚಿಯ ಮೇಲೆ ಮೌಸು ಒತ್ತಿದಾಗ ದೊರೆಯ ಒಂದು ಸಾಲು ಬಂತು. ಓದಿದೆ: "ಕೇಳಿಸಿತ್ತು. ಏಳಲಿಲ್ಲ."

"ಕೇಳಿಸಲಿಲ್ಲ ಅಂತ ಓದ್ರಿ, ಅಕ್ಕಾ," ಎಂದು ಅಳತೊಡಗಿದ.

ನನ್ನ ಮೈಯೆಲ್ಲ ಉರಿಯಿತು. "ಹೆಂಗ ಓದ್ಲಿ? ಅವಗೂ ಕೇಳಿಸಿತ್ತು, ನಿಮಗೂ ಕೇಳಿಸಿತ್ತು. ಆಕಿ ಫೋನ್ ಮಾಡಿದಾಗ ಊರಾಗಿಲ್ಲ ಅನ್ರಿ ಅಂದವರು ಯಾರು?"

ಅಳು ನಿಂತಿತು. ಕಣ್ಣೊರೆಸಿಕೊಂಡು ತಣ್ಣಗೆ ನನ್ನನ್ನು ನೋಡಿದ.

"ಆಕಿಗೆ ಹಂಗಂದವರು ನೀವಲ್ಲೇನ್ರಿ?"

ಅವನ ಮುಖಕ್ಕೆ ಉಗಿಯಲು ಬಾಯಲ್ಲಿ ತುಂಬಿಕೊಂಡದ್ದನ್ನು ನಾನೇ ನುಂಗಿದೆ. ಪುಷ್ಪಲತಾ ಆ ಸುಳ್ಳು ಕೇಳಿದ್ದು ನನ್ನ ದನಿಯಲ್ಲೇ.